ಪಟ್ಟಾ ಸಿಕ್ಕಿತು, ಜೇನುಬಂಡೆ ಯಾರದು?

ಪ್ರಶ್ನೆ: ನಾವು ಕಳಸ ತಾಲ್ಲೂಕಿನ ಮಲೆಕುಡಿಯರು. ಊರಿನಲ್ಲಿ 26 ಮನೆಗಳಿವೆ. ಒಂಬತ್ತು ಮನೆಯವರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಪಟ್ಟಾ ಸಿಕ್ಕಿದೆ. ಆದರೆ ಜೇನು, ಬೆತ್ತ, ಧೂಪಕ್ಕೆಂದು ಕಾಡಿಗೆ ಹೋದರೆ ಈಗಲೂ ತಡೆಯುತ್ತಾರೆ. ನಮ್ಮ ದೈವದ ಬನ, ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲವೂ ಪಟ್ಟಾ ಗಡಿಯಿಂದ ಹೊರಗೆ, ನ್ಯಾಷನಲ್ ಪಾರ್ಕಿನ ಒಳಗಿವೆ. ಸಮುದಾಯದ ಹಕ್ಕಿಗೆ ಅರ್ಜಿ ಹಾಕಿ ಎಂದು ಕೆಲವರು ಹೇಳುತ್ತಾರೆ. ನಮ್ಮಲ್ಲಿ ಕಾಗದಪತ್ರ ಒಂದೂ ಇಲ್ಲ. ಏನು ಬರೆಯಬೇಕು, ಹೇಗೆ ಬರೆಯಬೇಕು? ಮದ್ದು, ದೈವದ ವಿಷಯವನ್ನೂ ಬರೆದುಕೊಡಬೇಕೇ?

ಉತ್ತರ: ನಿಮಗೆ ಸಿಕ್ಕಿರುವುದು ಕಾಯ್ದೆಯ ಒಂದು ಭಾಗ ಮಾತ್ರ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮನೆ ಮತ್ತು ಸಾಗುವಳಿ ಜಮೀನಿನ ಹಕ್ಕು ಒಂದು ಕಡೆ. ಅದಕ್ಕೆ ನಮೂನೆ 'ಎ'. ಎಷ್ಟು ಸಾಗುವಳಿ ಇದೆಯೋ ಅಷ್ಟಕ್ಕೆ, ಹೆಚ್ಚೆಂದರೆ 4 ಹೆಕ್ಟೇರಿಗೆ, ಅಂದರೆ ಹತ್ತು ಎಕರೆಯ ಹತ್ತಿರಕ್ಕೆ ಅದು ಮುಗಿಯುತ್ತದೆ. ಇನ್ನೊಂದು ಕಡೆ ಊರು ಒಟ್ಟಾಗಿ ಕಾಡನ್ನು ಬಳಸುತ್ತ ಬಂದ ಹಕ್ಕು: ಜೇನು, ಬೆತ್ತ, ಬಿದಿರು, ಗೆಡ್ಡೆ, ಮದ್ದಿನ ಗಿಡ, ಹೊಳೆಯ ಮೀನು, ದನ ಮೇಯುವ ಜಾಗ. ಇದಕ್ಕೆ ನಮೂನೆ 'ಬಿ'. ಇವೆರಡಕ್ಕಿಂತ ದೊಡ್ಡದು ಮೂರನೆಯದು. ಊರಿನ ರೂಢಿಯ ಗಡಿಯೊಳಗಿನ ಕಾಡನ್ನು ಕಾಯುವ, ಬೆಳೆಸುವ, ಅದಕ್ಕೆ ನಿಯಮ ಮಾಡುವ ಹಕ್ಕು ಅದು. ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು ಎಂದು ಕರೆಯುತ್ತಾರೆ, ನಮೂನೆ 'ಸಿ'. 2012ರ ತಿದ್ದುಪಡಿಯಲ್ಲಿ ಈ ನಮೂನೆ ಬಂತು. ನಿಮ್ಮ ಊರು 'ಬಿ' ಮತ್ತು 'ಸಿ' ಎರಡನ್ನೂ ಒಟ್ಟಿಗೇ ಹಾಕಬೇಕು. 'ಬಿ' ಮಾತ್ರ ಹಾಕಿದರೆ ಜೇನು ಕೀಳುವ ಹಕ್ಕು ಬರಬಹುದು. ಜೇನುಬಂಡೆಯ ಬುಡದ ಕಾಡಿನ ಬಗ್ಗೆ ಮಾತನಾಡುವ ಅಧಿಕಾರ ಬರುವುದಿಲ್ಲ.

ನ್ಯಾಷನಲ್ ಪಾರ್ಕ್ ಎಂಬ ಕಾರಣಕ್ಕೆ ಅರ್ಜಿ ನಿಲ್ಲುವುದಿಲ್ಲ. ಕಾಯ್ದೆಯ 2ನೇ ಪ್ರಕರಣ 'ಅರಣ್ಯ ಭೂಮಿ' ಎಂದರೇನು ಎಂದು ಹೇಳುವಾಗ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳನ್ನು ಹೆಸರು ಹೇಳಿಯೇ ಸೇರಿಸಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಹಕ್ಕುಪತ್ರ ಸಿಕ್ಕಿದ್ದು ಹುಲಿ ಸಂರಕ್ಷಿತ ಪ್ರದೇಶದ ಒಳಗೇ. ಅಲ್ಲಿ ಸೋಲಿಗರು ಮಾಡಿದ ಒಂದು ಕೆಲಸವನ್ನು ನೀವು ಗಮನಿಸಬೇಕು. ಊರ ಹಿರಿಯರು ಕಾಡೆಲ್ಲ ನಡೆದು, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪವಿತ್ರ ಜಾಗಗಳನ್ನು ನಕ್ಷೆಗೆ ಇಳಿಸಿದರು. ಸರ್ಕಾರದ ನಕ್ಷೆಯಲ್ಲಿ ಬರೀ ಹಸಿರಾಗಿ ಕಾಣುತ್ತಿದ್ದ ಜಾಗ ಅವರ ನಕ್ಷೆಯಲ್ಲಿ ಹೆಸರಿರುವ ಸ್ಥಳಗಳಿಂದ ತುಂಬಿಹೋಯಿತು.

'ಕಾಗದ ಇಲ್ಲ' ಎಂಬ ಚಿಂತೆ ಬಿಡಿ. ಈ ಕಾಯ್ದೆಯ ನಿಯಮಾವಳಿಯ ನಿಯಮ 13ರಲ್ಲಿ ಸಮುದಾಯದ ಹಕ್ಕಿಗೆ ಕೇಳಿರುವ ಸಾಕ್ಷ್ಯ ಏನೆಂದು ನೋಡಿ: ಗೆಡ್ಡೆಗೆಣಸು, ಹಣ್ಣು, ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಜಾಗಗಳು, ಮೀನು ಹಿಡಿಯುವ ಜಾಗ, ಮೇವಿನ ಜಾಗ, ನೀರಿನ ಮೂಲ, ನಾಟಿ ವೈದ್ಯರು ಮದ್ದು ತರುವ ಪ್ರದೇಶ, ಹಳೆಯ ಕಟ್ಟಡದ ಅವಶೇಷ, ದೇವರ ಮರ, ಬನ, ಕೆರೆ, ಸ್ಮಶಾನ. ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಸಾಕ್ಷ್ಯವೇ. ಅಂದರೆ ನಿಮ್ಮ ಬದುಕಿನ ರೂಢಿಯನ್ನೇ ಕಾನೂನು ದಾಖಲೆ ಎನ್ನುತ್ತದೆ. ಅದನ್ನು ಹೇಗೆ ಬರೆಯುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹೆಚ್ಚಿನ ಅರ್ಜಿಗಳು ಸೊರಗುವುದು ಇಲ್ಲೇ. 'ನಾವು ತಲತಲಾಂತರದಿಂದ ಕಾಡಿನ ಉತ್ಪನ್ನಗಳನ್ನು ಸಂಗ್ರಹಿಸುತ್ತಿದ್ದೇವೆ' ಎಂಬ ಒಂದು ಸಾಲು ಯಾವ ಊರಿಗೂ ಹೊಂದುತ್ತದೆ, ಹಾಗಾಗಿ ಯಾವ ಊರನ್ನೂ ಸಾಬೀತು ಮಾಡುವುದಿಲ್ಲ.

ಒಂದೊಂದು ವಸ್ತುವಿಗೂ ಆರು ಸಂಗತಿ ಬರೆದುಕೊಳ್ಳಿ: ನೀವು ಕರೆಯುವ ಹೆಸರು, ಸಿಗುವ ಜಾಗದ ಹೆಸರು, ಯಾವ ಮಳೆಗೆ, ಯಾರು ಹೋಗುತ್ತಾರೆ, ತಂದದ್ದು ಹೇಗೆ ಹಂಚಿಕೆಯಾಗುತ್ತದೆ, ಏನನ್ನು ಮುಟ್ಟುವಂತಿಲ್ಲ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ. ಕಾಡಿನಿಂದ ತರುವವರು ಯಾರೂ ಆಗಬಹುದು. 'ಇಷ್ಟಕ್ಕಿಂತ ಹೆಚ್ಚು ತರಬಾರದು' ಎಂಬ ಕಟ್ಟು ಇರುವುದು ಅಲ್ಲೇ ಉಳಿದು ಬಾಳಿದವರಲ್ಲಿ.

ಹೆಜ್ಜೇನನ್ನೇ ತೆಗೆದುಕೊಳ್ಳಿ. ಹೆಜ್ಜೇನು ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಒಂದೇ ದೊಡ್ಡ ಎರಿ ಕಟ್ಟುತ್ತದೆ. ಎರಿಯ ಮೇಲ್ಭಾಗದ ಒಂದು ಮೂಲೆಯಲ್ಲಿ ತುಪ್ಪ, ಉಳಿದದ್ದರಲ್ಲಿ ಮರಿ. ಬಲ್ಲವರು ತುಪ್ಪದ ಮೂಲೆಯನ್ನಷ್ಟೇ ಕೊಯ್ದು ಮರಿಯ ಭಾಗವನ್ನು ಬಿಡುತ್ತಾರೆ. ಕಸುಬು ತಿಳಿಯದವರು ಇಡೀ ಎರಿಯನ್ನು ಕೆಡವಿ ಹಿಂಡುತ್ತಾರೆ. ಆಗ ಮರಿಯ ರಸ ಸೇರಿ ತುಪ್ಪ ಬೇಗ ಹುಳಿಯುತ್ತದೆ, ಹುಟ್ಟೂ ಅಲ್ಲಿಗೆ ಮುಗಿಯುತ್ತದೆ. ಇದನ್ನು ಅರ್ಜಿಯ ಜೊತೆಗಿಡುವ ಹಿರಿಯರ ಹೇಳಿಕೆಯಲ್ಲಿ ಹೀಗೆ ಬರೆಯಬಹುದು. ಇದು ಮಾದರಿ ಅಷ್ಟೆ, ನಿಮ್ಮ ಹಿರಿಯರ ಬಾಯಲ್ಲಿ ಬಂದದ್ದನ್ನೇ ಬರೆಯಿರಿ:

'ನನಗೆ ಸುಮಾರು 74 ವರ್ಷ. ಅಬ್ಬಿಯ ಮೇಲಿನ ಜೇನುಬಂಡೆಗೆ ನನ್ನ ಅಪ್ಪನ ಜೊತೆ ಹೋಗುತ್ತಿದ್ದೆ. ಭರಣಿ ಮಳೆಯಿಂದ ರೋಹಿಣಿಯ ಒಳಗೆ, ಕತ್ತಲ ರಾತ್ರಿಗಳಲ್ಲಿ ಹೋಗುವುದು. ನಾಲ್ಕು ಜನ ಬೇಕು: ಇಳಿಯುವವನು, ಬಳ್ಳಿ ಹಿಡಿಯುವವನು, ಹೊಗೆ ಹಾಕುವವನು, ಕೆಳಗೆ ಪಾತ್ರೆ ಹಿಡಿಯುವವನು. ಬಂಡೆಯಲ್ಲಿ ಹತ್ತು ಹುಟ್ಟು ಇದ್ದರೆ ಎಲ್ಲವನ್ನೂ ಮುಟ್ಟುವುದಿಲ್ಲ. ಮೊದಲ ತುಪ್ಪ ಬನಕ್ಕೆ. ಉಳಿದದ್ದರಲ್ಲಿ ಇಳಿದವನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು. ಬಾಣಂತಿ ಇರುವ ಮನೆಗೆ ಕೇಳದೆಯೇ ಕೊಡುವುದು. ಈ ಬಂಡೆಗೆ ಪಕ್ಕದ ಊರಿನವರು ಬರುವುದಿಲ್ಲ, ಅವರಿಗೆ ಹಳ್ಳದ ಆಚೆಯ ಮರಗಳು.'

ಇದರಲ್ಲಿ ಜಾಗ, ಕಾಲ, ಜನ, ಹಂಚಿಕೆ, ಮಿತಿ, ಗಡಿ ಎಲ್ಲವೂ ಇವೆ. ಕೊನೆಯ ಸಾಲಿನಲ್ಲಿ ನಮೂನೆ 'ಸಿ'ಗೆ ಬೇಕಾದ ರೂಢಿಯ ಗಡಿಯೂ ಬಂತು. ಹಿರಿಯರ ಹೆಬ್ಬೆಟ್ಟು ಅಥವಾ ಸಹಿ, ದಿನಾಂಕ, ಬರೆದುಕೊಂಡವರ ಹೆಸರು, ಇಬ್ಬರು ಸಾಕ್ಷಿ, ಇಷ್ಟಿದ್ದರೆ ಆಯಿತು. ಅರ್ಜಿಗೆ ಒಂದೇ ಬಗೆಯ ಸಾಕ್ಷ್ಯ ಇಟ್ಟು ಕೈಬಿಡಬೇಡಿ. ಅರ್ಜಿ ಪರಿಶೀಲಿಸುವ ಸಮಿತಿಗಳು ಒಂದಕ್ಕಿಂತ ಹೆಚ್ಚು ಸಾಕ್ಷ್ಯ ನೋಡಬೇಕೆಂದು ನಿಯಮವೇ ಹೇಳುತ್ತದೆ. ಹೇಳಿಕೆಯ ಜೊತೆ ಜಾಗದ ಫೋಟೊ, ನಕ್ಷೆ, ವಂಶಾವಳಿ, ಇದ್ದರೆ ಹಳೆಯ ಮನೆಕಂದಾಯದ ರಸೀದಿ ಇಡಿ.

ಕಾಲವನ್ನು ಕೇಳುವಾಗ ಇಂಗ್ಲಿಷ್ ತಿಂಗಳು ಕೇಳಬೇಡಿ. ಮಳೆ ನಕ್ಷತ್ರ ಕೇಳಿ, ಆಮೇಲೆ ನೀವೇ ತಿಂಗಳಿಗೆ ಹೊಂದಿಸಿ. 'ಜೂನಿನಲ್ಲಿ ಏನು ಸಿಗುತ್ತದೆ' ಎಂದರೆ ಅಜ್ಜಿ ಯೋಚಿಸುತ್ತಾರೆ. 'ಮೃಗಶಿರ ಮಳೆಗೆ' ಎಂದರೆ ಮಾತು ತಾನಾಗಿ ಹರಿಯುತ್ತದೆ. ಮೊದಲ ನೀರಿಗೆ ಗದ್ದೆಹಳ್ಳ ಹತ್ತುವ ಮೀನು, ಆಮೇಲೆ ಏಡಿ, ಆರಿದ್ರ, ಪುನರ್ವಸುವಿನ ಹೊತ್ತಿಗೆ ಕಳಲೆ, ಅಣಬೆ, ಕೆಸು, ಮಳೆಯ ನಡುವೆ ಉಪ್ಪಾಗೆ, ಮಳೆ ಬಿಟ್ಟ ಮೇಲೆ ಬೆತ್ತ, ವಾಟೆ, ಬೇಸಿಗೆಗೆ ಸೀಗೆ, ಅಂಟುವಾಳ, ಧೂಪ, ಜೇನು. ಹೀಗೆ ಒಂದು ವರ್ಷದ ಪಟ್ಟಿ ತಯಾರಾದರೆ ಒಂದು ಲಾಭವಿದೆ: ಅಧಿಕಾರಿಗಳು 'ಜೇನಿಗೆ ಮಾತ್ರ ಹೋಗುತ್ತಾರೆ' ಎಂದು ಹಕ್ಕನ್ನು ಒಂದೆರಡು ವಸ್ತುವಿಗೆ ಇಳಿಸಲು ಆಗುವುದಿಲ್ಲ. ಹಕ್ಕುಪತ್ರದಲ್ಲಿ ಬರೀ 'ಸೌದೆ' ಎಂದು ಬಂದುಬಿಟ್ಟರೆ ಮುಂದೆ ಸರಿಪಡಿಸುವುದು ಬಹಳ ಕಷ್ಟ.

ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿ. ಗಂಡಸರು ಇರುವ ಕಡೆ ಮಾತೆಲ್ಲ ಜೇನು, ಬೆತ್ತದ ಸುತ್ತಲೇ ಸುತ್ತುತ್ತದೆ. ಸೊಪ್ಪು, ಗೆಡ್ಡೆ, ಏಡಿ, ಸೌದೆ, ಬುಟ್ಟಿಯ ಸಾಮಾನು, ಬಾಣಂತಿ ಮದ್ದು ಇವೆಲ್ಲ ಹೆಂಗಸರ ದಾರಿಗಳು, ಆ ದಾರಿಗಳೇ ಬೇರೆ. ಕಳಲೆಯ ವಿಷಯ ಅವರನ್ನೇ ಕೇಳಿ: ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಆಮೇಲೆ ಬೇಯಿಸುವುದು. ಹಸಿ ಕಳಲೆಯಲ್ಲಿರುವ ಸಯನೈಡ್ ಅಂಶ ಹೋಗುವುದು ಹೀಗೆ. ಯಾವ ಮೆಳೆಯಲ್ಲಿ ಮುರಿಯಬಹುದು, ಮುಂದಿನ ವರ್ಷದ ಬಿದಿರಿಗೆ ಎಷ್ಟು ಮೊಳಕೆ ಬಿಡಬೇಕು ಎಂಬ ಲೆಕ್ಕವೂ ಅವರ ಬಳಿಯೇ ಇರುತ್ತದೆ.

ಇನ್ನು ನಕ್ಷೆ. ಮೊದಲು ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಬರೆಯಿರಿ, ಕಾಗದದ ಮೇಲೆ ಅಲ್ಲ. ಕಾಗದ ಇಟ್ಟರೆ ಓದಿದ ಹುಡುಗನ ಕೈಗೆ ಪೆನ್ನು ಹೋಗುತ್ತದೆ, ಹಿರಿಯರು ಹಿಂದೆ ಸರಿಯುತ್ತಾರೆ. ಅಂಗಳದಲ್ಲಾದರೆ ಅವರೇ ಕೋಲು ಹಿಡಿದು ತಿದ್ದುತ್ತಾರೆ. ಮೊದಲು ಹಳ್ಳಗಳು, ಆಮೇಲೆ ಗುಡ್ಡದ ಏಣು, ಆಮೇಲೆ ದಾರಿಗಳು. ಈ ಮೂರು ಸರಿ ಬಂದರೆ ಬನ, ಬಂಡೆ, ಹಕ್ಕಲು, ಸ್ಮಶಾನ ತಮ್ಮ ಜಾಗಕ್ಕೆ ತಾವೇ ಬಂದು ಕೂರುತ್ತವೆ. ಮುಗಿದ ಮೇಲೆ ಫೋಟೊ ತೆಗೆದು ಕಾಗದಕ್ಕೆ ಇಳಿಸಿ. ನಂತರ ಮೊಬೈಲಿನ ಜಿಪಿಎಸ್ ಹಿಡಿದು ಗಡಿ ನಡೆಯಿರಿ. ದಟ್ಟ ಮರದಡಿ ಜಿಪಿಎಸ್ ಹಲವು ಮೀಟರ್ ತಪ್ಪುತ್ತದೆ. ಪ್ರತಿ ಗುರುತಿನಲ್ಲಿ ಒಂದೆರಡು ನಿಮಿಷ ನಿಂತು, ತೋರಿಸುವ ಅಂಕಿ ಸ್ಥಿರವಾದ ಮೇಲೆ ಬರೆದುಕೊಳ್ಳಿ. ದೀಪಾವಳಿ ಕಳೆದ ಮೇಲೆ ಈ ಕೆಲಸಕ್ಕೆ ಇಳಿಯಿರಿ. ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಅರ್ಧ ಗಡಿ ಊಹೆಯಲ್ಲಿ ಬರುತ್ತದೆ, ಊಹೆಯ ಗಡಿ ಸ್ಥಳ ಪರಿಶೀಲನೆಯ ದಿನ ಬಿದ್ದುಹೋಗುತ್ತದೆ. ಹಳೆಯ ಗ್ರಾಮ ನಕ್ಷೆ, ಅರಣ್ಯದ ಅಧಿಸೂಚನೆ, ವರ್ಕಿಂಗ್ ಪ್ಲಾನ್ (ಇಲಾಖೆಯ ಕಾರ್ಯಯೋಜನೆ) ಬೇಕಾದರೆ ಊರಿನ ಅರಣ್ಯ ಹಕ್ಕು ಸಮಿತಿಯ ಹೆಸರಿನಲ್ಲಿ ಲಿಖಿತವಾಗಿ ಕೇಳಿ. ದೃಢೀಕೃತ ಪ್ರತಿ ಕೊಡಬೇಕೆಂದು ನಿಯಮ 12 ಹೇಳುತ್ತದೆ.

ಪಕ್ಕದ ಊರಿನವರನ್ನು ಗಡಿ ನಡೆಯುವ ದಿನವೇ ಕರೆಯಿರಿ. ಒಂದೇ ಮೇವಿನ ಗುಡ್ಡಕ್ಕೆ ಎರಡು ಊರಿನ ದನ ಬರುವುದು ನಮ್ಮ ಕಡೆ ಸಾಮಾನ್ಯ. ಅಂಥ ಜಾಗಕ್ಕೆ ಎರಡೂ ಊರಿನ ಅರಣ್ಯ ಹಕ್ಕು ಸಮಿತಿಗಳು ಒಟ್ಟಿಗೆ ಕೂತು, ಯಾರು ಯಾವಾಗ ಹೇಗೆ ಬಳಸುತ್ತಾರೆ ಎಂದು ಬರೆದು, ಎರಡೂ ಗ್ರಾಮಸಭೆಗೆ ಕೊಡಬೇಕು. ಅದನ್ನು ಬಿಟ್ಟು ಇಡೀ ಗುಡ್ಡ ನಮ್ಮದೆಂದು ಬರೆದುಕೊಂಡ ಊರುಗಳು ಕೊನೆಗೆ ತಕರಾರಿನಲ್ಲಿ ಸಿಕ್ಕಿಕೊಳ್ಳುತ್ತವೆ. ನಿಮ್ಮ ಊರಿನಲ್ಲೇ ಬೇರೆ ಸಮುದಾಯದ ಮನೆಗಳಿದ್ದರೆ ಅವರನ್ನು ಹೊರಗಿಡಬೇಡಿ. ಗ್ರಾಮಸಭೆ ಎಂದರೆ ಊರಿನ ಎಲ್ಲ ವಯಸ್ಕರು. ಮಲೆಕುಡಿಯರು, ಹಸಲರು, ಗೌಡಲು ಪರಿಶಿಷ್ಟ ಪಂಗಡದಲ್ಲಿರುವುದರಿಂದ ಅವರು 13 ಡಿಸೆಂಬರ್ 2005ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಮೂರು ತಲೆಮಾರು, ಅಂದರೆ 75 ವರ್ಷದ ಪುರಾವೆ ಬೇಕಾದದ್ದು ಪಂಗಡದಲ್ಲಿಲ್ಲದ ಪಾರಂಪರಿಕ ಅರಣ್ಯವಾಸಿಗಳಿಗೆ ಮಾತ್ರ. ಈ ಎರಡನ್ನೂ ಕಲಸಿ ನಿಮ್ಮಿಂದ 75 ವರ್ಷದ ದಾಖಲೆ ಕೇಳಿದರೆ, ಹಾಗೆ ಕೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ.

ಗ್ರಾಮಸಭೆಯ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಮಲೆನಾಡಿನ ಒಂದು ಗ್ರಾಮ ಪಂಚಾಯಿತಿ ಎಂದರೆ ಗುಡ್ಡಕ್ಕೊಂದು ಮನೆಯಿರುವ ಹತ್ತಾರು ಹಳ್ಳಿ. ಇಡೀ ಪಂಚಾಯಿತಿಗೆ ಒಂದೇ ಸಭೆ ಕರೆದರೆ ಕೋರಂ ಆಗುವುದೇ ಇಲ್ಲ, ಕೋರಂ ಆದರೂ ನಿಮ್ಮ ಕಾಡು ಯಾವುದೆಂದು ಅಲ್ಲಿರುವ ಯಾರಿಗೂ ಗೊತ್ತಿರುವುದಿಲ್ಲ. ಕಾಯ್ದೆಯಲ್ಲಿ 'ಗ್ರಾಮ' ಎಂದರೆ ಅರಣ್ಯ ಗ್ರಾಮ, ಹಳೆಯ ವಸತಿ, ಸರ್ವೆಯಾಗದ ಹಳ್ಳಿಯೂ ಸೇರಿದೆ. ನಿಮ್ಮ 26 ಮನೆಯ ಊರಿನ ಮಟ್ಟದಲ್ಲೇ ಸಭೆ ಕರೆಯಿರಿ ಎಂದು ಪಿಡಿಒಗೆ ಲಿಖಿತವಾಗಿ ಕೇಳಿ. ಸಭೆಯಲ್ಲಿ ಒಟ್ಟು ಸದಸ್ಯರ ಅರ್ಧದಷ್ಟು ಜನ ಇರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಊರಿನಲ್ಲಿ 84 ವಯಸ್ಕರಿದ್ದರೆ 42 ಜನ, ಅವರಲ್ಲಿ 14 ಹೆಂಗಸರು. ಹಕ್ಕಿನ ಮೇಲೆ ನಿರ್ಣಯ ಮಾಡುವಾಗ ಅರ್ಜಿದಾರರು ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟಾದರೂ ಅಲ್ಲಿರಬೇಕು. ಹಾಜರಿ ಪುಸ್ತಕದಲ್ಲಿ ಹೆಂಗಸರ ಸಹಿ ಬೇರೆ ಪುಟದಲ್ಲಿ ಬರಲಿ, ಎಣಿಸುವವರಿಗೆ ಸುಲಭ. ಕಾಫಿ ಕೊಯ್ಲಿನ ವಾರ ಸಭೆ ಇಡಬೇಡಿ, ಅರ್ಧ ಊರು ತೋಟದಲ್ಲಿರುತ್ತದೆ.

ಅರಣ್ಯ ಹಕ್ಕು ಸಮಿತಿಯನ್ನು ಗ್ರಾಮಸಭೆಯೇ ಆರಿಸುತ್ತದೆ: 10ರಿಂದ 15 ಜನ, ಕನಿಷ್ಠ ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು. ಇದನ್ನು ಅರಣ್ಯ ಇಲಾಖೆಯ ಗ್ರಾಮ ಅರಣ್ಯ ಸಮಿತಿಯ ಜೊತೆ ಗೊಂದಲ ಮಾಡಿಕೊಳ್ಳಬಾರದು, ಎರಡಕ್ಕೂ ಸಂಬಂಧವಿಲ್ಲ. ಸಮಿತಿ ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಡುತ್ತದೆ, ಅರಣ್ಯ ಮತ್ತು ಕಂದಾಯ ಇಲಾಖೆಗೆ ತಿಳಿಸಿ ಸ್ಥಳ ಪರಿಶೀಲನೆ ಮಾಡುತ್ತದೆ. ತಿಳಿಸಿದ್ದಕ್ಕೆ ಕಚೇರಿಯ ಸೀಲು ಬಿದ್ದ ಪ್ರತಿ ನಿಮ್ಮ ಕೈಯಲ್ಲಿರಲಿ. ಅಧಿಕಾರಿಗಳು ಬಂದರೆ ಹುದ್ದೆ, ದಿನಾಂಕ, ಅಭಿಪ್ರಾಯ ಬರೆದು ಸಹಿ ಮಾಡಬೇಕು. ಬಾರದೆ ಇದ್ದು ಆಮೇಲೆ ಆಕ್ಷೇಪ ತೆಗೆದರೆ ಮೇಲಿನ ಸಮಿತಿ ಮತ್ತೊಮ್ಮೆ ಪರಿಶೀಲನೆಗೆ ಕಳಿಸುತ್ತದೆ. ಎರಡನೇ ಸಲವೂ ಬಾರದಿದ್ದರೆ ಗ್ರಾಮಸಭೆಯ ತೀರ್ಮಾನವೇ ಅಂತಿಮ ಎಂದು ನಿಯಮ 12ಎ ಹೇಳುತ್ತದೆ. ಉಪಗ್ರಹ ಚಿತ್ರದಲ್ಲಿ ಬಳಕೆ ಕಾಣುವುದಿಲ್ಲ ಎಂದು ತಳ್ಳಿಹಾಕಲೂ ಬರುವುದಿಲ್ಲ. ಅದು ಬೇರೆ ಸಾಕ್ಷ್ಯಕ್ಕೆ ಪೂರಕವೇ ಹೊರತು ಅದರ ಬದಲಿಯಲ್ಲ. ಜೇನುಬಂಡೆ ಆಕಾಶದಿಂದ ಹೇಗೆ ತಾನೆ ಕಾಣಬೇಕು?

ಅಲ್ಲಿಂದ ಕಡತ ಉಪವಿಭಾಗ ಮಟ್ಟದ ಸಮಿತಿಗೆ, ಆಮೇಲೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ತಿರಸ್ಕರಿಸಿದರೆ ಅಥವಾ ಕಡಿತ ಮಾಡಿದರೆ ಕಾರಣವನ್ನು ಲಿಖಿತವಾಗಿ ತಿಳಿಸಲೇಬೇಕು. ಮೇಲ್ಮನವಿಗೆ ಪ್ರತಿ ಹಂತದಲ್ಲೂ 60 ದಿನ. 'ಆಗಲ್ಲ ಅಂದ್ರು' ಎಂಬ ಬಾಯಿಮಾತಿನ ಮೇಲೆ ಮನೆಗೆ ಬಂದು ಕೂರಬೇಡಿ. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಎಂಬುದು ಪ್ರಕರಣ 4(5). ಉದ್ಯಾನದಿಂದ ಹೊರಗೆ ಪುನರ್ವಸತಿಯ ಮಾತು ಬಂದರೂ ಅಷ್ಟೇ: ಹೋಗುವುದು ಬಿಡುವುದು ಆಯಾ ಮನೆಯವರ ತೀರ್ಮಾನ, ಆದರೆ ಹಕ್ಕು ಮೊದಲು ಕಾಗದಕ್ಕೆ ಬರಲಿ. ಕಡತವನ್ನು ಮೂರು ಪ್ರತಿ ಮಾಡಿ ಬೇರೆ ಬೇರೆ ಮನೆಯಲ್ಲಿಡಿ. ನಮ್ಮ ಮಳೆಗೆ ಕಾಗದ ಬೂಸಲು ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಉಳಿಯುತ್ತದೆ. ಮೊಬೈಲಿನಲ್ಲೂ ಪ್ರತಿ ಪುಟದ ಫೋಟೊ ಇರಲಿ.

ಬೇಟೆಯನ್ನು ಅರ್ಜಿಯಲ್ಲಿ ಸೇರಿಸಬೇಡಿ. ಕಾಡುಪ್ರಾಣಿಯ ಬೇಟೆ, ಉರುಳು, ಪ್ರಾಣಿಯ ಅಂಗಾಂಗ ತೆಗೆಯುವುದು ಇವನ್ನು ಕಾಯ್ದೆ ಹಕ್ಕಿನಿಂದ ಹೊರಗಿಟ್ಟಿದೆ. ಹೊಳೆಯ ಮೀನು, ಏಡಿಗೆ ತೊಂದರೆಯಿಲ್ಲ. ಜಲಮೂಲದ ಉತ್ಪನ್ನವೆಂದು ಅವು ಹಕ್ಕಿನೊಳಗೇ ಬರುತ್ತವೆ. ಮೀನು ಹಿಡಿಯಲು ಕೂಳಿ ಹಾಕುವ ಜಾಗಗಳ ಹೆಸರು ಬರೆಯಿರಿ.

ಹಕ್ಕು ಬಂದ ಮೇಲೆ ಏನು ಎಂದು ನೀವು ಕೇಳಿಲ್ಲ, ಆದರೆ ಅದನ್ನೂ ಈಗಲೇ ಯೋಚಿಸಿ. ಕಿರು ಉತ್ಪನ್ನಕ್ಕೆ ರಾಯಧನವಾಗಲೀ ಶುಲ್ಕವಾಗಲೀ ಇಲ್ಲ. ಸಾಗಿಸುವ ಪರವಾನಗಿಯನ್ನು ಗ್ರಾಮಸಭೆ ರಚಿಸುವ ಸಂರಕ್ಷಣಾ ಸಮಿತಿಯೇ ಕೊಡಬಹುದು. ಒಬ್ಬೊಬ್ಬರೇ ಮಾರಬಹುದು, ಸಂಘ ಮಾಡಿಕೊಂಡೂ ಮಾರಬಹುದು. ಆಗ ಹೊರಗಿನ ವ್ಯಾಪಾರಿಗಳು ಬಾಗಿಲಿಗೆ ಬರುತ್ತಾರೆ. ಉಪ್ಪಾಗೆಗೆ ಬೆಲೆ ಬಂದ ಕಡೆಯಲ್ಲೆಲ್ಲ ಒಂದೇ ಕಥೆ: ಪಕ್ಕದವನು ಕೊಯ್ದುಬಿಟ್ಟಾನು ಎಂಬ ಆತುರಕ್ಕೆ ಹಣ್ಣಾಗುವ ಮೊದಲೇ ಕಾಯಿ ಉದುರಿಸುತ್ತಾರೆ, ಕೊಂಬೆಯನ್ನೇ ಕಡಿಯುತ್ತಾರೆ. ಮಳೆಗಾಲದಲ್ಲಿ ಒಣಗಿಸಲು ರಾಶಿ ಸೌದೆ ಉರಿಯುತ್ತದೆ. ಧೂಪದ ಮರವನ್ನು ಸುತ್ತಲೂ ಕೆತ್ತಿದರೆ ಮರವೇ ಒಣಗುತ್ತದೆ. ಹಿರಿಯರ ಹೇಳಿಕೆಯಲ್ಲಿ ಬರೆದುಕೊಂಡ 'ಮುಟ್ಟಬಾರದು'ಗಳನ್ನೇ ಗ್ರಾಮಸಭೆಯ ನಿಯಮವಾಗಿ ಪಾಸು ಮಾಡಿ: ಯಾವ ಮಳೆಗೆ ಮೊದಲು ಕೊಯ್ಯುವಂತಿಲ್ಲ, ಮರಕ್ಕೆ ಎಷ್ಟು ಗಾಯ, ಮೆಳೆಯಲ್ಲಿ ಎಷ್ಟು ಬಿಡಬೇಕು, ತಪ್ಪಿದರೆ ದಂಡ ಎಷ್ಟು. ಹಳೆಯ ಕಟ್ಟು ಹೊಸ ಕಾನೂನಿನ ಬಲ ಪಡೆಯುವುದು ಹೀಗೆ.

ಕೊನೆಯ ಪ್ರಶ್ನೆ, ಮದ್ದು ಮತ್ತು ದೈವ. ಬರೆದುಕೊಡಬೇಕಾಗಿಲ್ಲ. ನಿಯಮ ಕೇಳುವುದು ನಾಟಿ ವೈದ್ಯರು ಮದ್ದು ತರುವ ಪ್ರದೇಶವನ್ನು, ಮದ್ದಿನ ಪಾಕವನ್ನಲ್ಲ. 'ಈ ಹಳ್ಳದ ಬಲದಂಡೆಯಲ್ಲಿ ಊರಿನ ಇಬ್ಬರು ಮದ್ದಿನ ಬೇರು ತೆಗೆಯುತ್ತಾರೆ, ಆಷಾಢದಲ್ಲಿ ತೆಗೆಯುವುದಿಲ್ಲ' ಎಂದರೆ ಸಾಕು. ಯಾವ ಬೇರು, ಎಷ್ಟು ತೂಕ, ಯಾವುದರ ಜೊತೆ ಅರೆಯಬೇಕು ಎಂಬುದು ಅರ್ಜಿಗೆ ಹೋದರೆ ಅದು ಕಚೇರಿಯಿಂದ ಕಚೇರಿಗೆ ತಿರುಗುವ ಕಾಗದವಾಗುತ್ತದೆ, ಮತ್ತೆ ಹಿಂದೆ ತರಲಾಗುವುದಿಲ್ಲ. ಪಾರಂಪರಿಕ ಜ್ಞಾನದ ಮೇಲಿನ ಸಮುದಾಯದ ಹಕ್ಕನ್ನು ಪ್ರಕರಣ 3(1)(ಕೆ) ಒಪ್ಪಿದೆ, ನಮೂನೆ 'ಬಿ'ಯಲ್ಲಿ ಅದನ್ನು ಒಂದು ಸಾಲಿನಲ್ಲಿ ಕೇಳಿಕೊಳ್ಳಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಯಾರಾದರೂ ಕೇಳಲು ಬಂದಾಗಲೂ ಇದೇ ಎಚ್ಚರ ಇರಲಿ.

ಬನಕ್ಕೂ ಹಾಗೆಯೇ. ಬನದ ಹೆಸರು, ವಿಸ್ತೀರ್ಣ, ಗಡಿಯ ಮರಗಳು, ವರ್ಷಕ್ಕೆ ಎಷ್ಟು ಸಲ ಊರು ಸೇರುತ್ತದೆ, ಒಳಗೆ ಕತ್ತಿ ಒಯ್ಯುವಂತಿಲ್ಲ ಎಂಬ ಕಟ್ಟು, ಇಷ್ಟು ಸಾಕ್ಷ್ಯಕ್ಕೆ ಬೇಕು. ದೈವದ ಕಥೆ, ನುಡಿ, ಒಳಗಿನ ಆಚರಣೆ ಬೇಡ. ಹಿರಿಯರು ಹಾಡಿದ್ದನ್ನು, ಹೇಳಿದ್ದನ್ನು ಮಕ್ಕಳಿಗಾಗಿ ರೆಕಾರ್ಡ್ ಮಾಡಿಕೊಳ್ಳುವುದಾದರೆ ಅದನ್ನು ಅರ್ಜಿಯ ಕೆಲಸದಿಂದ ಬೇರೆಯೇ ಇಡಿ. ಮೊದಲು ಅವರನ್ನು ಕೇಳಿ, ಯಾರು ಕೇಳಬಹುದು ಯಾರು ಕೇಳಬಾರದು ಎಂದು ಅವರ ಬಾಯಲ್ಲೇ ರೆಕಾರ್ಡಿನ ಆರಂಭದಲ್ಲಿ ಹೇಳಿಸಿ. ನಕ್ಷೆಯನ್ನೂ ಎರಡು ಮಾಡಿ: ಗಡಿ ಮತ್ತು ಹೆಸರುಗಳಿರುವುದು ಕಚೇರಿಗೆ, ಮದ್ದಿನ ಗಿಡದ ಒಂದೊಂದು ಬುಡವನ್ನೂ ಗುರುತಿಸಿರುವುದು ಊರಿನ ಪೆಟ್ಟಿಗೆಗೆ.